ಅಂಟಿಯೂ ಅಂಟದಂತೆ

ನಾಲ್ಕು ದಿನ ಕಾದು, ಎರಡು ಸಂಜೆ ಉಜ್ಜಿ, ಒಂದು ಇಡೀ ಭಾನುವಾರ ಬೆನ್ನು ಬಗ್ಗಿಸಿ ಹಾಕಿದ ಫೈಬರ್‌ಗ್ಲಾಸ್ ಪಟ್ಟಿ ಅದು. ಪ್ಲಾಸ್ಟಿಕ್ ಚಮಚದ ಹಿಡಿಯನ್ನು ಅಂಚಿಗೆ ತೂರಿಸಿದ್ದೇ ತಡ, ಬಾಳೆಪಟ್ಟೆ ಸುಲಿದ ಹಾಗೆ ಸಲೀಸಾಗಿ ಎದ್ದು ಬಂತು. ಚರ್ ಅನ್ನುವ ಸದ್ದೂ ಇಲ್ಲ. ಕಷ್ಟಪಟ್ಟು ಕಿತ್ತಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲವೇನೋ. ಕೈಗೆ ಬಂದ ಪಟ್ಟಿಯನ್ನು ತಿರುಗಿಸಿ ದೀಪಕ್ಕೆ ಹಿಡಿದೆ. ಅಡಿಭಾಗ ಕನ್ನಡಿಯಂತೆ ಫಳಫಳ ಹೊಳೆಯುತ್ತಿತ್ತು. ಅಂಟಿನ ಕೆಲಸದಲ್ಲಿ ಹೊಳಪು ಕೆಟ್ಟ ಸುದ್ದಿ. ಎರಡು ವಸ್ತುಗಳು ನಿಜವಾಗಿ ಬೆಸೆದುಕೊಂಡಿದ್ದರೆ ಕಿತ್ತಾಗ ಒಂದರ ಮೈ ಹರಿದು ಇನ್ನೊಂದಕ್ಕೆ ಮೆತ್ತಿಕೊಂಡಿರಬೇಕು. ಇಲ್ಲಿ ಯಾರ ಮೈಗೂ ಗಾಯವಾಗಿರಲಿಲ್ಲ. ಇಬ್ಬರೂ ಪಕ್ಕಪಕ್ಕ ಕೂತಿದ್ದರು, ಅಷ್ಟೇ.

ನಾನು ಕಟ್ಟುತ್ತಿರುವುದು ಎರಡು ಸೀಟಿನ, ಅಲ್ಯೂಮಿನಿಯಂ ಮೈಯ ಪುಟ್ಟ ವಿಮಾನ. ರೆಕ್ಕೆ, ಬಾಲ, ಹೊಟ್ಟೆ ಎಲ್ಲ ತಗಡು ಮತ್ತು ರಿವೆಟ್. ಆ ಕೆಲಸ ಲೆಕ್ಕದ ಹಾಗೆ. ರಂಧ್ರ ಸರಿಯಿದ್ದರೆ ರಿವೆಟ್ ಸರಿ, ತಪ್ಪಿದರೆ ಕೊರೆದು ತೆಗೆದು ಇನ್ನೊಂದು ಹೊಡೆಯುವುದು. ಸರಿಯೋ ತಪ್ಪೋ ಕಣ್ಣಿಗೇ ಕಾಣುತ್ತದೆ. ವರ್ಷಗಟ್ಟಲೆ ಆ ಲೋಕದಲ್ಲಿ ಪಳಗಿದವನು ಮುಂಗಾಜಿನ ಹತ್ತಿರ ಬರುತ್ತಿದ್ದಂತೆ ಬೇರೆಯೇ ಲೋಕಕ್ಕೆ ಕಾಲಿಟ್ಟ ಹಾಗಾಯಿತು. ಅಲ್ಲಿ ಕಣ್ಣು ನಂಬುವ ಹಾಗಿಲ್ಲ. ಕೈಯನ್ನಂತೂ ನಂಬಲೇಬಾರದು.

ಮುಂಗಾಜು ಅಂದೆ, ಅದು ಗಾಜಲ್ಲ, ಬಾಗಿಸಿದ ಆಕ್ರಿಲಿಕ್ ಹಾಳೆ. ಹಗುರ, ತಿಳಿಯಾದ ನೋಟ, ಆದರೆ ಮಹಾ ಮುಂಗೋಪಿ. ರಂಧ್ರ ಕೊರೆದ ಕಡೆ, ಅಂಚಿನಲ್ಲಿ ಒಂದು ಗೀರು ಉಳಿದ ಕಡೆ, ಚಳಿಯಲ್ಲಿ ಸ್ವಲ್ಪ ಬಿಗಿಯಾಗಿ ತಿರುಪಿದ ಕಡೆ ಬಿರುಕು ಬಿಡುತ್ತದೆ. ಆ ಬಿರುಕು ಅಲ್ಲಿಗೇ ನಿಲ್ಲುವುದೂ ಇಲ್ಲ. ಹಾಗಾಗಿ ಇದನ್ನು ಸ್ಕ್ರೂ, ರಿವೆಟ್‌ಗಳಿಂದ ಬಿಗಿಯುವ ಬದಲು ದಪ್ಪನೆಯ ಪಾಲಿಯುರೆಥೇನ್ ಸೀಲಂಟ್‌ನಿಂದ ಚೌಕಟ್ಟಿಗೆ ಅಂಟಿಸುವ ಪದ್ಧತಿ ಮನೆಯಲ್ಲಿ ವಿಮಾನ ಕಟ್ಟುವವರಲ್ಲಿ ಬೇರೂರಿದೆ. ದೋಣಿಗಳ ಕಿಟಕಿ, ಬಸ್ಸುಗಳ ಗಾಜು ಕೂರಿಸುವುದೂ ಇದೇ ಜಾತಿಯ ಅಂಟಿನಿಂದ. ಕೊಳವೆಯಿಂದ ಕರಿ ಪೇಸ್ಟಿನಂತೆ ಹೊರಬಂದು, ಗಾಳಿಯ ತೇವ ಹೀರಿ ರಬ್ಬರ್ ಆಗುತ್ತದೆ.

ರಬ್ಬರೇ ಯಾಕೆ ಬೇಕು ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಒಂದು ಮೀಟರ್ ಉದ್ದದ ಆಕ್ರಿಲಿಕ್, ತಾಪಮಾನ 40 ಡಿಗ್ರಿ ಸೆಲ್ಸಿಯಸ್ ಏರಿದರೆ, ಸುಮಾರು 2.8 ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಉದ್ದದ ಅಲ್ಯೂಮಿನಿಯಂ ಹಿಗ್ಗುವುದು 0.9 ಮಿ.ಮೀ. ಮಾತ್ರ. ಬಿಸಿಲಲ್ಲಿ ನಿಂತ ವಿಮಾನ ಮೇಲೇರಿ ತಣ್ಣನೆ ಗಾಳಿಗೆ ಹೋದರೆ 40 ಡಿಗ್ರಿ ವ್ಯತ್ಯಾಸ ದೊಡ್ಡ ಮಾತೇನಲ್ಲ. ಅಂದರೆ ಹೆಚ್ಚುಕಡಿಮೆ ಎರಡು ಮಿ.ಮೀ.ಗಳ ಜಗಳ. ಮಧ್ಯಭಾಗ ಕದಲದೆ ನಿಂತಿತು ಅಂದುಕೊಂಡರೆ ಎರಡೂ ತುದಿಗೆ ಒಂದೊಂದು ಮಿ.ಮೀ. ಪಾಲು. ನಡುವೆ ಮೂರು ಮಿ.ಮೀ. ದಪ್ಪದ ರಬ್ಬರ್ ಇದ್ದರೆ ಅದು ಸ್ವಲ್ಪ ವಾಲಿಕೊಂಡು ಇದನ್ನು ನುಂಗಿಹಾಕುತ್ತದೆ. ಅದೇ ರಬ್ಬರನ್ನು ಒತ್ತಿ ಅರ್ಧ ಮಿ.ಮೀ. ಮಾಡಿಬಿಟ್ಟರೆ, ತನ್ನ ದಪ್ಪದ ಎರಡು ಪಟ್ಟು ದೂರ ಪಕ್ಕಕ್ಕೆ ಎಳೆದುಕೊಳ್ಳಬೇಕು. ಬಿಗಿಯಾಗಿ ಒತ್ತಿದಷ್ಟೂ ಗಟ್ಟಿ ಅನ್ನುವ ಬಡಗಿಯ ಬುದ್ಧಿ ಇಲ್ಲಿ ಕೆಲಸಕ್ಕೆ ಬಾರದು. ಅದಕ್ಕೇ ನಡುವೆ ಅಲ್ಲಲ್ಲಿ ರಬ್ಬರಿನ ಸಣ್ಣ ತುಣುಕುಗಳನ್ನಿಟ್ಟು ಸಂದು ಕುಗ್ಗದ ಹಾಗೆ ನೋಡಿಕೊಳ್ಳುತ್ತಾರೆ.

ಇಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ತೊಡಕು ಬಂದದ್ದು ಮುಂಗಾಜಿನ ಬುಡದಲ್ಲಿ. ಆಕ್ರಿಲಿಕ್ ಕೆಳಗಿಳಿದು ತಗಡಿಗೆ ತಾಗುವ ಆ ಮೂಲೆಯನ್ನು ಗಾಳಿ ನುಣ್ಣಗೆ ಹರಿದು ಹೋಗುವಂತೆ ಬಳುಕಿಸಿ ಮುಚ್ಚಬೇಕು. ಇದಕ್ಕೆ ಫೇರಿಂಗ್ ಅನ್ನುತ್ತಾರೆ. ಮೂಲೆಗೆ ಸೀಲಂಟ್ ತುಂಬಿ ಬೆರಳಲ್ಲಿ ಬಾಗಿಸಿ, ಅದರ ಮೇಲೆ ಎಪಾಕ್ಸಿಯಲ್ಲಿ, ಅಂದರೆ ರೆಸಿನ್ ಮತ್ತು ಹಾರ್ಡನರ್ ಎಂಬ ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟಿನಲ್ಲಿ, ನೆನೆಸಿದ ಗಾಜಿನೆಳೆಯ ಬಟ್ಟೆಯ (ಇದೇ ಫೈಬರ್‌ಗ್ಲಾಸ್) ಪದರಗಳನ್ನು ಹಾಕಿ, ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಬಳಿಯುವುದು ಎಂದು ನಿರ್ಧರಿಸಿದೆ. ಫೈಬರ್‌ಗ್ಲಾಸ್ ಸೀಲಂಟಿಗೆ ಅಂಟುತ್ತದೆಯೇ? ಈ ಪ್ರಶ್ನೆ ನನಗೂ ಬಂದಿತ್ತು. ಎಪಾಕ್ಸಿ ಯಾವುದಕ್ಕೆ ತಾನೇ ಅಂಟುವುದಿಲ್ಲ, ನನ್ನ ಕೈಗಡಿಯಾರಕ್ಕೆ ಅಂಟಿದೆ, ಬಾಗಿಲ ಚಿಲಕಕ್ಕೆ ಅಂಟಿದೆ, ಇದಕ್ಕೆ ಅಂಟದೇ ಇರುತ್ತದೆಯೇ ಅಂತ ಮುಂದುವರಿದೆ.

ಕೊನೆಗೆ ಏನಾಯಿತು ಎಂದು ಮೊದಲೇ ಹೇಳಿದ್ದೇನೆ. ಯಾಕಾಯಿತು ಅನ್ನುವುದು ತಿಳಿಯಲು ಹೆಚ್ಚು ದಿನ ಹಿಡಿಯಿತು. ನಿಜ ಹೇಳಬೇಕೆಂದರೆ ಸುಳಿವು ಮೊದಲು ಸಿಕ್ಕಿದ್ದು ನನ್ನ ಹೆಂಡತಿಗೆ. ಪಟ್ಟಿ ಹಾಕುವ ಹಿಂದಿನ ದಿನ ಶೆಡ್ಡಿನೊಳಗೆ ಬಂದವಳು ಮೂಗು ಮುರಿದು, "ವಾಸನೆ ಇನ್ನೂ ಹಾಗೇ ಇದೆಯಲ್ಲ ರೀ, ಇದು ಒಣಗಿದೆಯಾ?" ಅಂದಿದ್ದಳು. "ಮುಟ್ಟಿ ನೋಡು, ಕಲ್ಲಾಗಿದೆ" ಅಂದೆ. ಮುಟ್ಟಿ ನೋಡಿ ಸುಮ್ಮನಾದಳು. ಮೂಗು ಹೇಳಿದ್ದು ಸರಿಯಾಗಿತ್ತು, ಬೆರಳು ಹೇಳಿದ್ದು ತಪ್ಪಾಗಿತ್ತು.

ಒಂದೇ ಕೊಳವೆಯ ಪಾಲಿಯುರೆಥೇನ್ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತದೆ. ಗಂಟೆಯೊಳಗೆ ಮೇಲೆ ಕೆನೆ ಕಟ್ಟುತ್ತದೆ. ಮೊದಲ ದಿನ ಎರಡು ಮೂರು ಮಿ.ಮೀ. ಒಳಗೆ ಹೋಗುತ್ತದೆ. ಹಾಗಿದ್ದರೆ 10 ಮಿ.ಮೀ. ಆಳದ ಮೂಲೆಗೆ ನಾಲ್ಕು ದಿನ ಸಾಕು ಅನ್ನುವುದು ನನ್ನ ತ್ರೈರಾಶಿ ಲೆಕ್ಕ. ತಪ್ಪಿದ್ದು ಅಲ್ಲೇ. ಗಟ್ಟಿಯಾದ ಪದರವೇ ತೇವಕ್ಕೆ ಗೋಡೆಯಾಗುತ್ತಾ ಹೋಗುವುದರಿಂದ ದಿನದಿಂದ ದಿನಕ್ಕೆ ವೇಗ ಕುಗ್ಗುತ್ತದೆ. ಆಳ ಬೆಳೆಯುವುದು ದಿನದ ಲೆಕ್ಕದಲ್ಲಲ್ಲ, ದಿನಗಳ ವರ್ಗಮೂಲದ ಲೆಕ್ಕದಲ್ಲಿ. ಮೊದಲ ದಿನ 3 ಮಿ.ಮೀ. ಆದರೆ ನಾಲ್ಕನೆಯ ದಿನಕ್ಕೆ 6, ಹತ್ತಕ್ಕೆ ಮುಟ್ಟಬೇಕಾದರೆ ಹನ್ನೊಂದು ದಿನ. ಹವೆ ಒಣದಾಗಿದ್ದರೆ, ಚಳಿಯಿದ್ದರೆ ಇನ್ನೂ ಹೆಚ್ಚು. ನನ್ನ ಮೂಲೆಯ ಹೊಟ್ಟೆಯೊಳಗೆ ಆಗ ನಾಲ್ಕು ಮಿ.ಮೀ. ಹಸಿ ಪೇಸ್ಟ್ ಇತ್ತು. ಅದರ ಮೇಲೆ ನಾನು ತೇವವೂ ನುಸುಳದ ಎಪಾಕ್ಸಿಯ ಮುಚ್ಚಳ ಹಾಕಿದೆ. ಒಳಗಿನ ಹಸಿ ಭಾಗ ತೇವದೊಂದಿಗೆ ಸೇರುವಾಗ ಅಷ್ಟಿಷ್ಟು ಇಂಗಾಲದ ಡೈಆಕ್ಸೈಡ್ ಬಿಡುವುದೂ ಉಂಟು. ಹೊರಗೆ ದಾರಿ ಮುಚ್ಚಿದ ಮೇಲೆ ಅದು ಎಲ್ಲಿಗೆ ಹೋಗಬೇಕು?

ಇದು ಅರ್ಧ ಕಥೆ. ಇನ್ನರ್ಧ ನನ್ನ ಶುಚಿತ್ವದ ಗೀಳಿನದು. ಮರಳು ಕಾಗದದಿಂದ ಕೆನೆಯನ್ನು ಉಜ್ಜಿ ತೆಗೆದ ಮೇಲೆ ಪುಡಿ ಒರೆಸಬೇಕಲ್ಲ. ಅಸಿಟೋನ್ ಹತ್ತಿರ ತರುವ ಹಾಗಿಲ್ಲ, ಆಕ್ರಿಲಿಕ್‌ಗೆ ಅದು ತಾಗಿದರೆ ಮೈತುಂಬ ಸೂಕ್ಷ್ಮ ಬಿರುಕಿನ ಬಲೆ ಮೂಡುತ್ತದೆ. ಆಕ್ರಿಲಿಕ್‌ಗೆ ಅಷ್ಟು ಹಾನಿ ಮಾಡದ್ದು ಐಸೊಪ್ರೊಪೈಲ್ ಆಲ್ಕೊಹಾಲ್, ನಾವು ಸ್ಪಿರಿಟ್ ಅಂತ ಕರೆಯುವ ಗುಂಪಿನದು. ಅದನ್ನೇ ಬಟ್ಟೆಗೆ ಸುರಿದುಕೊಂಡು ಚೆನ್ನಾಗಿ ಒರೆಸಿದೆ. ಇನ್ನೂ ಹದಕ್ಕೆ ಬರದ ಪಾಲಿಯುರೆಥೇನ್‌ಗೆ ಆಲ್ಕೊಹಾಲ್ ವಿಷ. ಸೀಲಂಟಿನ ಅಣುಗಳ ತುದಿಯಲ್ಲಿ ಪಕ್ಕದವರ ಕೈಹಿಡಿಯಲು ಕಾದಿರುವ ಐಸೊಸಯನೇಟ್ ಎಂಬ ಗುಂಪುಗಳಿರುತ್ತವೆ. ಆಲ್ಕೊಹಾಲ್ ಹೋಗಿ ಆ ಕೈಗಳನ್ನು ಹಿಡಿದುಬಿಡುತ್ತದೆ. ಆಮೇಲೆ ಅವಕ್ಕೆ ಇನ್ನೊಬ್ಬರಿಗೆ ಕೊಡಲು ಕೈಯೇ ಇಲ್ಲ. ಅಲ್ಲಿ ಉಳಿಯುವುದು ಎಂದೆಂದಿಗೂ ಒಣಗದ ಜಿಗುಟು. ನಾನು ಶುಚಿ ಮಾಡಿದೆ ಅಂದುಕೊಂಡ ಮೇಲ್ಮೈಗೆ ನಾನೇ ಮೇಣ ಸವರಿದ್ದೆ. ಸೀಲಂಟಿನ ಜೊತೆ ಬರುವ ಹಾಳೆಯಲ್ಲಿ ಈ ಎಚ್ಚರಿಕೆ ಅಚ್ಚಾಗಿಯೇ ಇತ್ತು. ಓದಿರಲಿಲ್ಲವೇ ಅಂದರೆ, ಓದಿದ್ದೆ. ಆದರೆ ಅದು ಸೀಲಂಟ್ ಬಳಿಯುವವರಿಗೆ ಬರೆದದ್ದು, ನಾನೀಗ ಫೈಬರ್‌ಗ್ಲಾಸ್ ಹಾಕುವವನು ಅನ್ನುವ ಭ್ರಮೆಯಲ್ಲಿದ್ದೆ.

ಬಿಡಿಸಿ ಸ್ವಚ್ಛ ಮಾಡಿದ್ದರ ಬಗ್ಗೆ ಬರೆಯುವುದು ಬೇಡ. ಎರಡು ವಾರ, ಹಲವು ಬ್ಲೇಡು, ಒಂದಿಷ್ಟು ಬೈಗುಳ.

ಆ ಎರಡು ವಾರದಲ್ಲಿ ಶುರುಮಾಡಿದ ಒಳ್ಳೆಯ ಕೆಲಸ ಅಂದರೆ ಪರೀಕ್ಷೆಯ ತುಂಡುಗಳು. ಮೊದಲೇ ಮಾಡಬೇಕಿತ್ತು. ಅಂಗೈ ಉದ್ದದ ತಗಡಿನ ಚೂರುಗಳಿಗೆ ಸೀಲಂಟ್ ಬಳಿದು, ಒಂದಕ್ಕೆ ಕೆನೆ ಹಾಗೇ ಬಿಟ್ಟು, ಒಂದನ್ನು ಒರಟು ಕಾಗದದಿಂದ ಉಜ್ಜಿ, ಒಂದನ್ನು ಉಜ್ಜಿ ನೀರಲ್ಲಿ ತೊಳೆದು ಒಣಗಿಸಿ, ಒಂದನ್ನು ಬೇಕೆಂದೇ ಎರಡನೆಯ ದಿನಕ್ಕೆ ಸ್ಪಿರಿಟ್‌ನಲ್ಲಿ ಒರೆಸಿ, ಮೇಲೆ ಎರಡೆರಡು ಪದರ ಗಾಜಿನ ಬಟ್ಟೆ ಹಾಕಿದೆ. ಪ್ರತಿಯೊಂದರ ತುದಿಯಲ್ಲೂ ಒಂದಿಂಚು ಪ್ಯಾಕಿಂಗ್ ಟೇಪ್ ಅಂಟಿಸಿದ್ದೆ, ಅಲ್ಲಿ ಎಪಾಕ್ಸಿ ಅಂಟದೆ ಎಳೆಯಲು ಹಿಡಿ ಸಿಗಲಿ ಅಂತ. ಸ್ಪಿರಿಟ್ಟಿನದು ಬಿಟ್ಟು ಉಳಿದವನ್ನು ಮೂರು ವಾರ ಹದವಾಗಲು ಬಿಟ್ಟೇ ಬಟ್ಟೆ ಹಾಕಿದ್ದು.

ಕೆನೆ ಬಿಟ್ಟದ್ದು ಟೇಪಿನ ಹಾಗೆ ಬಂತು. ಉಜ್ಜಿದ್ದು ಬರಲಿಲ್ಲ! ಇಕ್ಕಳ ಹಾಕಿ ಎಳೆದಾಗ ಗಾಜಿನ ಪಟ್ಟಿ ಕರಿ ರಬ್ಬರಿನ ಚಿಂದಿಗಳನ್ನು ಕಚ್ಚಿಕೊಂಡೇ ಎದ್ದಿತು. ತೊಳೆದದ್ದು ಇನ್ನೂ ಒಂದು ಕೈ ಮೇಲು. ಅಂದರೆ ಪ್ರಶ್ನೆಗೆ ನೇರ ಉತ್ತರ ಸಿಕ್ಕಿತು: ಪೂರ್ತಿ ಹದವಾದ ಪಾಲಿಯುರೆಥೇನಿನ ಕೆನೆ ತೆಗೆದು, ಒರಟು ಮಾಡಿ, ಪುಡಿ ಇಲ್ಲದಂತೆ ಮಾಡಿದರೆ ಎಪಾಕ್ಸಿ ಹಿಡಿಯುತ್ತದೆ. ರಬ್ಬರನ್ನು ಉಜ್ಜುವುದು ಮರ ಉಜ್ಜಿದ ಹಾಗಲ್ಲ, ಅದು ಬಿಸಿಯಾಗಿ ಉಂಡೆಯುಂಡೆಯಾಗಿ ಸುತ್ತಿಕೊಳ್ಳುತ್ತದೆ. ಹೊಸ ಕಾಗದ, ಚಿಕ್ಕ ಎಳೆತ, ಆಗಾಗ ವಿರಾಮ. ಇನ್ನು ಸಿಲಿಕೋನ್ ಬಗ್ಗೆ ಯಾರಾದರೂ ಕೇಳುವುದಾದರೆ, ಅದನ್ನು ಶೆಡ್ಡಿನ ಹೊಸ್ತಿಲ ಹೊರಗೇ ಇಡಿ. ಅದರ ಮೇಲೆ ಎಪಾಕ್ಸಿಯೂ ನಿಲ್ಲದು, ಬಣ್ಣವೂ ನಿಲ್ಲದು. ಅದರ ಎಣ್ಣೆಯಂಶ ಕೈಯಿಂದ ಕೈಗೆ, ಬಟ್ಟೆಯಿಂದ ಬಟ್ಟೆಗೆ ಹರಡಿ ಬೇರೆಲ್ಲೋ ಬಳಿದ ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿಗಳನ್ನು ಎಬ್ಬಿಸುತ್ತದೆ.

ಉತ್ತರ ಸಿಕ್ಕಿದ ಖುಷಿಯಲ್ಲಿ ಮತ್ತೆ ಅದೇ ಕೆಲಸಕ್ಕೆ ಇಳಿಯುತ್ತಿದ್ದೆ. ತಡೆದದ್ದು ಅದೇ ಉಜ್ಜಿದ ತುಂಡು. ಟೀ ಕುಡಿಯುತ್ತಾ ಅದನ್ನು ಸುಮ್ಮನೆ ಹಿಂದೆ ಮುಂದೆ ಬಾಗಿಸುತ್ತಿದ್ದೆ. ನಾಲ್ಕೈದು ಸಲ ಬಾಗಿಸುವಷ್ಟರಲ್ಲಿ ಪಟ್ಟಿಯ ತುದಿಯಲ್ಲಿ, ಗಾಜು ಮುಗಿದು ರಬ್ಬರ್ ಶುರುವಾಗುವ ಗೆರೆಯಲ್ಲಿ, ಕೂದಲೆಳೆಯಷ್ಟು ಸಂದು ಬಾಯಿ ತೆರೆಯಿತು. ಅಂಟು ಚೆನ್ನಾಗಿಯೇ ಹಿಡಿದಿತ್ತು, ಆದರೂ ತುದಿ ಎದ್ದಿತು. ರಬ್ಬರ್ ತನ್ನ ಉದ್ದದ ಹಲವು ಪಟ್ಟು ಹಿಗ್ಗಬಲ್ಲದು. ಫೈಬರ್‌ಗ್ಲಾಸ್ ನೂರಕ್ಕೆ ಎರಡರ ಆಸುಪಾಸು ಹಿಗ್ಗುವಷ್ಟರಲ್ಲಿ ಮುರಿದೇಹೋಗುತ್ತದೆ. ಬಿಗಿತದಲ್ಲಿ ಎರಡಕ್ಕೂ ಸಾವಿರಾರು ಪಟ್ಟು ಅಂತರ. ಇಂಥ ಇಬ್ಬರನ್ನು ಬೆಸೆದಾಗ ಎಳೆತವೆಲ್ಲ ಸಮನಾಗಿ ಹಂಚಿಕೊಳ್ಳದೆ ಬಿಗಿಯಾದವನ ತುದಿಗೆ ಬಂದು ನಿಲ್ಲುತ್ತದೆ. ಅಲ್ಲಿಂದಲೇ ಸುಲಿಯಲು ಶುರು.

ಸುಲಿಯದಂತೆ ಪಟ್ಟಿಯನ್ನು ಅಗಲ ಮಾಡಿ, ಒಂದು ಅಂಚು ತಗಡಿನ ಮೇಲೆ, ಇನ್ನೊಂದು ಆಕ್ರಿಲಿಕ್ ಮೇಲೆ ಗಟ್ಟಿಯಾಗಿ ಕಚ್ಚಿಸಬಹುದು. ಬಹಳ ವಿಮಾನಗಳಲ್ಲಿ ಹಾಗೇ ಇದೆ, ಹಾರುತ್ತಲೂ ಇವೆ. ಆದರೆ ಹಾಗೆ ಮಾಡಿದ ಮೇಲೆ ಆ ಮೂರು ಮಿ.ಮೀ. ರಬ್ಬರಿಗೆ ಏನು ಕೆಲಸ ಉಳಿಯಿತು? ಎರಡು ಮಿ.ಮೀ. ಜಗಳ ಆಡಲಿ ಅಂತ ಬಿಟ್ಟ ಜಾಗದ ಮೇಲೆ ಗಟ್ಟಿ ಸೇತುವೆ ಕಟ್ಟಿದ ಹಾಗಾಯಿತು. ರಬ್ಬರ್ ಸುಮ್ಮನೆ ಕೂರುತ್ತದೆ, ಹೊರೆಯೆಲ್ಲ ಸೇತುವೆಗೆ. ಎಷ್ಟೋ ವಿಮಾನಗಳ ಮುಂಗಾಜಿನ ಬುಡದಲ್ಲಿ ಬಣ್ಣದ ಮೇಲೆ ಸಣ್ಣ ಗೆರೆಯೊಂದು ಓಡಿರುವುದನ್ನು ನೋಡಿದ್ದೆ. ಬಣ್ಣದ ದೋಷ ಅಂದುಕೊಂಡಿದ್ದೆ.

ಹೊರೆ ಹೋಗಬಾರದ ಕಡೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ವಿಮಾನಗಳ ಚರಿತ್ರೆಯಲ್ಲಿ ಒಂದು ಭೀಕರ ಉದಾಹರಣೆ ಇದೆ. 1988ರ ಏಪ್ರಿಲ್ 28ರಂದು ಹವಾಯಿಯ ಹಿಲೋದಿಂದ ಹೊನೊಲುಲುಗೆ ಹೊರಟಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737, ಸುಮಾರು 24,000 ಅಡಿ ಎತ್ತರದಲ್ಲಿ ಮುಂಭಾಗದ ಛಾವಣಿಯನ್ನು ಸುಮಾರು 18 ಅಡಿ ಉದ್ದಕ್ಕೆ ಕಳೆದುಕೊಂಡಿತು. ಒಬ್ಬ ಗಗನಸಖಿ ತೀರಿಕೊಂಡರು, ಉಳಿದವರೊಂದಿಗೆ ವಿಮಾನ ಮಾವಿ ದ್ವೀಪದಲ್ಲಿ ಇಳಿಯಿತು. ಆ ವಿಮಾನದಲ್ಲಿ ತಗಡಿನ ಅಂಚುಗಳು ಒಂದರ ಮೇಲೊಂದು ಕೂರುವ ಕಡೆ ಎಪಾಕ್ಸಿ ತೊಯ್ದ ಬಟ್ಟೆಯ ಪಟ್ಟಿ ಇತ್ತು. ಹೊರೆಯ ದೊಡ್ಡ ಪಾಲನ್ನು ಆ ಅಂಟು ಹೊರಬೇಕು, ರಿವೆಟ್ ಜೊತೆಗಿರಬೇಕು ಎಂಬ ಲೆಕ್ಕ. ವರ್ಷಗಳಲ್ಲಿ ಅಂಟು ಅಲ್ಲಲ್ಲಿ ಬಿಟ್ಟಿತು, ಸಂದಿಗೆ ತೇವ ನುಗ್ಗಿ ತುಕ್ಕು ಹಿಡಿಯಿತು, ಹೊರೆ ರಿವೆಟ್‌ಗಳ ಮೇಲೆ ಬಿತ್ತು. ತಲೆ ಹುದುಗಲೆಂದು ಇಳಿಜಾರಾಗಿ ಕೊರೆದಿದ್ದ ಆ ರಂಧ್ರಗಳ ಅಂಚು ಚಾಕುವಿನಂತೆ ತೆಳುವಾಗಿತ್ತು. ಸುಮಾರು 90,000 ಹಾರಾಟಗಳಲ್ಲಿ ಉಬ್ಬಿ ಕುಗ್ಗಿದ ಮೈಯಲ್ಲಿ ಸಾಲುಸಾಲು ಬಿರುಕುಗಳು ಅಲ್ಲಿಂದ ಹುಟ್ಟಿ ಒಂದಕ್ಕೊಂದು ಸೇರಿಕೊಂಡವು. ಮುಂಗಾಜಿನ ಬುಡದ ಅಲಂಕಾರದ ಪಟ್ಟಿಗೂ ಆ ದುರಂತಕ್ಕೂ ಹೋಲಿಕೆ ಅತಿಯಾಯಿತು, ಗೊತ್ತು. ಆದರೆ ರಾತ್ರಿ ಹನ್ನೊಂದಕ್ಕೆ ಶೆಡ್ಡಿನಲ್ಲಿ ಒಬ್ಬನೇ ಕೂತವನ ತಲೆ ಅಳತೆ ನೋಡಿ ಯೋಚಿಸುವುದಿಲ್ಲ.

ಬೆಳಿಗ್ಗೆ ಎದ್ದಾಗ ಪರಿಹಾರ ತುಂಬ ಸರಳವಾಗಿ ಕಂಡಿತು. ರಬ್ಬರಿನ ಮೇಲೆ ಫೈಬರ್‌ಗ್ಲಾಸ್ ಅಂಟಿಸುವ ಬದಲು ಫೈಬರ್‌ಗ್ಲಾಸಿಗೆ ರಬ್ಬರ್ ಅಂಟಿಸಿದರೆ? ಹದವಾದ ರಬ್ಬರ್ ಯಾರಿಗೂ ಸುಲಭಕ್ಕೆ ಒಲಿಯುವ ಮೇಲ್ಮೈ ಅಲ್ಲ. ಆದರೆ ಹಸಿ ಸೀಲಂಟ್ ಹುಟ್ಟಿರುವುದೇ ಅಂಟಲಿಕ್ಕೆ. ಗಟ್ಟಿಯಾಗಿ, ಉಜ್ಜಿ ಒರಟಾದ ಫೈಬರ್‌ಗ್ಲಾಸ್ ಅದಕ್ಕೆ ಹೇಳಿಮಾಡಿಸಿದ ನೆಲ. ಹಾಗಾದರೆ ಫೇರಿಂಗನ್ನು ಬಿಡಿಯಾಗಿ ಮಾಡಿಕೊಂಡು, ಕೊನೆಗೆ ಸೀಲಂಟಿನಿಂದಲೇ ಕೂರಿಸಬೇಕು. ಆಗ ಗಾಜಿನ ಪಟ್ಟಿ ಯಾವ ಹೊರೆಯನ್ನೂ ಹೊರದ ಟೋಪಿಯಾಗಿ ರಬ್ಬರಿನ ಮೇಲೆ ತೇಲುತ್ತಿರುತ್ತದೆ. ಈ ಉಪಾಯ ನನ್ನದೇ ಎಂದು ಬೀಗುವಂತಿಲ್ಲ, ದೋಣಿ ಕಟ್ಟುವವರು ಇದನ್ನು ಯಾವತ್ತೋ ಬಲ್ಲರು.

ಅಚ್ಚಿಗೆ ಬೇರೆ ಹುಡುಕಬೇಕಿರಲಿಲ್ಲ, ವಿಮಾನವೇ ಅಚ್ಚು. ಮುಂಗಾಜಿನ ಬುಡಕ್ಕೂ ತಗಡಿಗೂ ಪ್ಯಾಕಿಂಗ್ ಟೇಪನ್ನು ಸುಕ್ಕಿಲ್ಲದಂತೆ ಹೊದಿಸಿದೆ. ಆ ಟೇಪಿನ ಬೆನ್ನಿಗೆ ಎಪಾಕ್ಸಿ ಅಂಟುವುದಿಲ್ಲ. ಮೂಲೆಗೆ ಮಕ್ಕಳ ಆಟದ ಮೇಣದ ಮಣ್ಣು ತುಂಬಿ ಬಾಗು ಕೊಟ್ಟು, ಅದರ ಮೇಲೂ ಟೇಪ್. ಬಟ್ಟೆಯನ್ನು ನೇಯ್ಗೆಗೆ 45 ಡಿಗ್ರಿ ಓರೆಯಾಗಿ ಕತ್ತರಿಸಿಕೊಂಡೆ. ನೇರ ಕತ್ತರಿಸಿದ ಬಟ್ಟೆ ಬಾಗಿನಲ್ಲಿ ನೆರಿಗೆ ಬೀಳುತ್ತದೆ, ಓರೆಯದು ಸೀರೆಯ ಸೆರಗಿನ ಹಾಗೆ ಮೈಗೆ ಒಗ್ಗುತ್ತದೆ. ರೆಸಿನ್ ಮತ್ತು ಹಾರ್ಡನರನ್ನು ತಕ್ಕಡಿಯಲ್ಲಿ ತೂಗಿ ಬೆರೆಸಿದೆ. ಬೇಗ ಒಣಗಲಿ ಅಂತ ಹಾರ್ಡನರ್ ಒಂದು ಹನಿ ಹೆಚ್ಚು ಹಾಕುವ ಚಾಳಿ ಎಪಾಕ್ಸಿಯಲ್ಲಿ ನಡೆಯದು. ಇಲ್ಲಿ ಪ್ರತಿ ಅಣುವಿಗೂ ಜೋಡಿ ನಿಗದಿಯಾಗಿದೆ, ಹೆಚ್ಚಾದದ್ದು ಜೋಡಿಯಿಲ್ಲದೆ ಒಳಗೇ ಉಳಿದು ಮೆತ್ತಗಾಗಿಸುತ್ತದೆ. ನೈಟ್ರೈಲ್ ಕೈಗವಸು ಹಾಕದೆ ಎಪಾಕ್ಸಿ ಮುಟ್ಟಬೇಡಿ. ಇದರ ಅಲರ್ಜಿ ಮೊದಲ ದಿನ ಬರುವುದಿಲ್ಲ, ಸಲುಗೆ ಬೆಳೆದ ಮೇಲೆ ಬರುತ್ತದೆ, ಬಂದ ಮೇಲೆ ಹೋಗುವುದಿಲ್ಲ.

ಮರುದಿನ ತುದಿಗೆ ಬೆಣೆ ತೂರಿಸಿದಾಗ ಫೇರಿಂಗ್ ಟಪ್ ಅಂತ ಬಿಟ್ಟು ಕೈಗೆ ಬಂತು. ಅದೇ ಸಲೀಸು, ಅದೇ ಫಳಫಳ ಹೊಳಪು. ಈ ಸಲ ನಕ್ಕೆ. ಮೇಲೆ ಕೆಲವು ಹಾರ್ಡನರ್‌ಗಳು ಬಿಡುವ ಮೇಣದಂಥ ಪದರವಿತ್ತು. ಅದನ್ನು ಉಜ್ಜುವ ಮೊದಲು ನೀರಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಕಾಗದ ಅದನ್ನು ಮೈಯೊಳಗೆ ತಿಕ್ಕಿಬಿಡುತ್ತದೆ. ತೊಳೆದು, ಅಂಚು ಕತ್ತರಿಸಿ, ಅಡಿಭಾಗದ ಹೊಳಪು ಒಂದು ಚುಕ್ಕೆಯೂ ಉಳಿಯದಂತೆ ಉಜ್ಜಿದೆ. ಆಕ್ರಿಲಿಕ್‌ನ ಅಂಟುವ ಅಂಚಿಗೆ ಕಪ್ಪು ಪ್ರೈಮರ್ ಹಚ್ಚಿದೆ. ಅದು ಅಂಟಿಗಾಗಿ ಎಷ್ಟೋ, ಬಿಸಿಲಿಗಾಗಿಯೂ ಅಷ್ಟೇ. ಆಕ್ರಿಲಿಕ್ ಪಾರದರ್ಶಕ, ಬಿಸಿಲು ಅದರೊಳಗಿಂದ ತೂರಿ ಅಂಟಿನ ಬೆನ್ನಿಗೇ ಬೀಳುತ್ತದೆ. ಅತಿನೇರಳೆ ಕಿರಣ ತಾಗುತ್ತಾ ಹೋದರೆ ಪಾಲಿಯುರೆಥೇನ್ ಒಳಗಿಂದಲೇ ಸೀಮೆಸುಣ್ಣವಾಗುತ್ತದೆ, ಹೊರಗಿನಿಂದ ನೋಡಿದವರಿಗೆ ತಿಳಿಯುವುದೂ ಇಲ್ಲ.

ಮೇಣದ ಮಣ್ಣು ಮತ್ತು ಟೇಪ್ ತೆಗೆದ ಜಾಗದಲ್ಲಿ ಸೀಲಂಟ್ ಎಳೆದು, ರಬ್ಬರ್ ತುಣುಕುಗಳ ಮೇಲೆ ಫೇರಿಂಗನ್ನು ಕೂರಿಸಿ, ಮಾಸ್ಕಿಂಗ್ ಟೇಪಿನಿಂದ ಮೆಲ್ಲಗೆ ಹಿಡಿದಿಟ್ಟೆ. ಒತ್ತಲಿಲ್ಲ. ಅಂಚಿನಿಂದ ಉಕ್ಕಿ ಬಂದದ್ದನ್ನು ಒಣ ಕಡ್ಡಿಯಿಂದ ಗೀರಿ ತೆಗೆದೆ. ಸ್ಪಿರಿಟ್ ಬಾಟಲಿಯನ್ನು ಆ ದಿನ ಬೇಕೆಂದೇ ಮನೆಯೊಳಗೆ ಇಟ್ಟು ಬಂದಿದ್ದೆ. ಕ್ಯಾಲೆಂಡರಿನಲ್ಲಿ ಇಪ್ಪತ್ತೊಂದು ದಿನ ಮುಂದೆ ಒಂದು ಸುತ್ತು ಹಾಕಿ ರೆಕ್ಕೆ ತುದಿಯ ದೀಪದ ವೈರಿಂಗ್ ಕೆಲಸಕ್ಕೆ ಹೋದೆ. ಹದಿನೈದನೆಯ ದಿನ ಹೆಂಡತಿಯನ್ನು ಕರೆದು ಮೂಸಲು ಹೇಳಿದೆ. "ಇನ್ನೂ ಒಂಚೂರು ಇದೆ" ಅಂದಳು. ಮತ್ತೆ ವೈರಿಂಗಿಗೆ ಹೋದೆ.

ಫೇರಿಂಗ್ ಮತ್ತು ತಗಡಿನ ನಡುವೆ ಈಗ ಕಡ್ಡಿಯಷ್ಟು ಕರಿ ಗೆರೆ ಕಾಣುತ್ತದೆ. ಪುಟ್ಟಿ ಹಚ್ಚಿ ಮುಚ್ಚಿಬಿಡಬಹುದಿತ್ತು, ಒಂದೇ ಮೈಯಂತೆ ಕಾಣುತ್ತಿತ್ತು. ನೋಡಲು ಬಂದ ಒಂದಿಬ್ಬರು "ಇಲ್ಲಿ ಫಿನಿಶಿಂಗ್ ಬಾಕಿ ಇದೆಯಾ?" ಅಂತ ಕೇಳಿಯೂ ಕೇಳಿದರು. ಬಾಕಿ ಇಲ್ಲ, ಅದು ಹಾಗೇ ಇರುತ್ತದೆ ಅಂದೆ.

ಪರೀಕ್ಷೆಯ ತುಂಡುಗಳನ್ನು ಎಸೆದಿಲ್ಲ. ಶೆಡ್ಡಿನ ಹೊರಗೋಡೆಗೆ, ಬಿಸಿಲು ಮಳೆ ಎರಡೂ ಬೀಳುವ ಕಡೆ, ತಂತಿಗೆ ಪೋಣಿಸಿ ನೇತುಹಾಕಿದ್ದೇನೆ. ಯಾವಾಗಲಾದರೂ ನೆನಪಾದಾಗ ಒಂದೊಂದರ ಅಂಚಿಗೂ ಉಗುರು ಹಾಕಿ ನೋಡುತ್ತೇನೆ. ಉಜ್ಜಿ ತೊಳೆದದ್ದು ಇನ್ನೂ ಹಿಡಿದುಕೊಂಡಿದೆ. ಕೆನೆಯ ಮೇಲೆ ಹಾಕಿದ್ದ ಗಾಜು ಯಾವತ್ತೋ ಗಾಳಿಗೆ ಬಿದ್ದುಹೋಗಿದೆ. ಸ್ಪಿರಿಟ್‌ನಲ್ಲಿ ಒರೆಸಿದ ತುಂಡಿನದೂ ಬಿದ್ದಿದೆ, ಆದರೆ ಅದರ ಕರಿ ಮೈ ಮಾತ್ರ, ಇಷ್ಟು ತಿಂಗಳಾದರೂ, ಮುಟ್ಟಿದ ಬೆರಳಿಗೆ ಅಂಟಿಕೊಳ್ಳುತ್ತದೆ.